ಬೋಟು ಹತ್ತಿದ ತಪ್ಪು

ಹೊನ್ನಾವರ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಶಾಂತಾರಾಮನ ಗ್ಯಾರೇಜಿದೆ. ಅಲ್ಲಿ ಬಿಲ್ಲು ಬರೆಯುವವಳು ನಾನು, ಹೇಮಾ. ಇಂಜಿನ್ ಬಿಚ್ಚುವ ಗಂಡಸರ ನಡುವೆ ಇದ್ದವಳು ಒಬ್ಬಳೇ, ಧನ್ಯಾ. ಕುಮಟಾದಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತು ಬಂದವಳು. ವರ್ಷಗಳು ಕಳೆದರೂ ಅವಳಿಗೆ ಸಿಕ್ಕಿದ್ದು ಬಿಡಿಭಾಗ ತೊಳೆಯುವ ಕೆಲಸ. ಹೆಂಗಸು ಬೋಟು ಹತ್ತಿದರೆ ಬಲೆಗೆ ಮೀನು ಬೀಳುವುದಿಲ್ಲವಂತೆ. ಬೋಟು ಹತ್ತದವರು ಫಿಟ್ಟರ್ ಆಗುವ ಹಾಗಿಲ್ಲ. ಅವಳ ಹತ್ತಿರ ಸ್ಪ್ಯಾನರ್ ಹಿಡಿಯಲು ಕಲಿತ ಹುಡುಗರೆಲ್ಲ ಫಿಟ್ಟರ್ ಆದರು. ಮೀನು ಮಾರಿ ಮನೆ ನಡೆಸುವವರು ಹೆಂಗಸರು, ಮೀನಿಗೆ ಆಗದವರೂ ಹೆಂಗಸರೇ! ನನಗೆ ಮೈ ಉರಿಯುತ್ತಿತ್ತು.

ಈ ಆಗಸ್ಟಿನಲ್ಲಿ, ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ಮುನ್ನಾದಿನ, ಭಾಸ್ಕರನ ಬೋಟಿನ ಇಂಜಿನ್ ಕೈಕೊಟ್ಟಿತು. ಫಿಟ್ಟರುಗಳೆಲ್ಲ ಬೇರೆ ಬೋಟುಗಳಲ್ಲಿ.

"ಎಂತ ಮಾಡೂದು? ಈ ಹುಡುಗಿನೇ ಬರ್ಲಿ. ಯಾರಿಗೂ ಹೇಳೂದು ಬ್ಯಾಡ," ಎಂದ ಭಾಸ್ಕರ.

ಶಾಂತಾರಾಮ ಧನ್ಯಾಳತ್ತ ತಿರುಗಿದ. "ಇದೊಂದು ಸರಿ ಮಾಡು, ನಿನ್ನ ಫಿಟ್ಟರ್ ಮಾಡ್ತೆ. ಆತಾ?"

ಅವಳು ಚಪ್ಪಲಿ ಕಳಚಿ, ಬೋಟಿಗೆ ಕೈಮುಗಿದು ಹತ್ತಿದಳು. ಸಂಜೆಯೊಳಗೆ ಇಂಜಿನ್ ಗುಡುಗುಟ್ಟಿತು. ಅವಳ ಮುಖ ನೋಡಿ ನನಗೇ ಅಳು ಬಂತು.

ಆ ವಾರ ಕಡಲು ಕದಡಿತ್ತು, ಯಾರ ಬಲೆಗೂ ಸರಿಯಾಗಿ ಮೀನು ಬೀಳಲಿಲ್ಲ. ಭಾಸ್ಕರನ ಇಂಜಿನ್ ಒಮ್ಮೆಯೂ ನಿಂತಿರಲಿಲ್ಲ, ಆದರೆ ಅದನ್ನು ಕೇಳುವವರು ಯಾರು? ಕುಣಿಯಲಾರದವನಿಗೆ ನೆಲ ಡೊಂಕು. ಯಾರಿಗೂ ಹೇಳಬೇಡ ಅಂದಿದ್ದ ಭಾಸ್ಕರನೇ, ಹೆಂಗಸು ಬೋಟು ಹತ್ತಿದ್ದಕ್ಕೇ ಹೀಗಾಯಿತೆಂದು ಬಂದರಿಗೆಲ್ಲ ಸಾರಿದ. ಧನ್ಯಾ ದೇವರಿಗೆ ತಪ್ಪುಗಾಣಿಕೆ ಹಾಕುವವರೆಗೆ ಅವಳ ತಾಯಿ ಮಾದೇವಿಗೆ ಯಾವ ಬೋಟಿನವರೂ ಮಾರಲು ಮೀನು ಕೊಡಬಾರದೆಂದು ಗಂಡಸರು ಕೂತು ತೀರ್ಮಾನಿಸಿದರು. ಶಾಂತಾರಾಮ ಫಿಟ್ಟರ್ ಮಾತೇ ಎತ್ತಲಿಲ್ಲ.

"ನಾ ಎಂತ ತಪ್ಪು ಮಾಡ್ದೆ?" ಎಂದು ಧನ್ಯಾ ಹಟ ಹಿಡಿದಳು. ನಾನೂ ಬಗ್ಗಬೇಡ ಅಂದೆ.

ಸಿಕ್ಕ ನಾಲ್ಕು ಮೀನೂ ಬೇರೆಯವರ ಪಾಲಾಗಿ, ಮಾದೇವಿಯ ಬುಟ್ಟಿ ಖಾಲಿಯೇ ಉಳಿಯಿತು. ಕೊನೆಗೆ ಅವಳೇ ತೆಂಗಿನಕಾಯಿ ಹಿಡಿದು ದೇವಸ್ಥಾನಕ್ಕೆ ಹೋಗಿ, ಎಲ್ಲರೆದುರು ಮಗಳ ಹೆಸರಿನಲ್ಲಿ ಕಾಣಿಕೆ ಹಾಕಿ ಅಡ್ಡಬಿದ್ದಳು. ಮರುವಾರ ಕಡಲು ತಿಳಿಯಾಯಿತು, ಎಲ್ಲರ ಬಲೆಗೂ ಬಂಗಡೆ ಬಿತ್ತು.

ಮಾದೇವಿ ತುಂಬಿದ ಬುಟ್ಟಿ ಹೊತ್ತು ನೇರ ಗ್ಯಾರೇಜಿಗೇ ಬಂದಳು. ಮುಖದಲ್ಲಿ ಎಷ್ಟು ನಗು!

"ಕಂಡ್ಯಾ ಮಗಾ? ದೇವ್ರು ನಿನ್ನ ತಪ್ಪು ಹೊಟ್ಟಿಗೆ ಹಾಕ್ಕಂಡ. ಇನ್ನೊಂದ್ಸಲ ಹಂಗೆ ಮಾಡ್ಬೇಡ."

ಧನ್ಯಾ ತಾಯಿಯ ಮುಖವನ್ನೇ ನೋಡಿದಳು. ಅವಳ ತಲೆಯ ಮೇಲಿನ ತುಂಬಿದ ಬುಟ್ಟಿಯನ್ನು ಕೆಳಗಿಳಿಸಿದಳು. "ಆತು ಅವ್ವಿ," ಎಂದಳು. ಆಮೇಲೆ ಸೀಮೆಎಣ್ಣೆ ಬಕೆಟ್ಟಿನ ಮುಂದೆ ಕೂತು ಬಿಡಿಭಾಗ ತೊಳೆಯತೊಡಗಿದಳು.