ಚೀನದ ಅರಸರನ್ನು ಬೈಯುತ್ತಿದ್ದ ವಾಸು ಮಾಸ್ಟ್ರು

ನಮ್ಮ ವಾಸು ಮಾಸ್ಟ್ರಿಗೆ ಚೀನದ ಅರಸರ ಮೇಲೆ ವಿಪರೀತ ಕೋಪ. ಈಗಿನವರ ಮೇಲಲ್ಲ, ಸಾವಿರಾರು ವರ್ಷ ಹಿಂದೆ ಸತ್ತು ಮಣ್ಣಾದವರ ಮೇಲೆ. ಬೇಲಿ ಒತ್ತಿದ ನೆರೆಮನೆಯವರನ್ನು ಬೈದ ಹಾಗೆ ಬೈಯುತ್ತಿದ್ದರು. "ಸುಳ್ಳರು! ಮೊದಲು ಕುರ್ಚಿ ಹಿಡಿದರು, ಆಮೇಲೆ ಅಜ್ಜನನ್ನು ಹುಡುಕಲಿಕ್ಕೆ ಹೊರಟರು!" ಎಂದು ಪುಸ್ತಕದ ಮೇಲೆ ಕೈ ಬಡಿಯುವಾಗ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು.

ಬೆಳುವಾಯಿಯಲ್ಲಿ ಅವರ ಮನೆ, ನನ್ನ ಮನೆ ಅಕ್ಕಪಕ್ಕ. ಅವರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿಲ್ಲ. ನಾನು ಬೀಡಿ ಕಟ್ಟುವವಳು, ಕಲಿತದ್ದು ನಾಲ್ಕನೇ ಕ್ಲಾಸು. ಮಧ್ಯಾಹ್ನ ಊಟವಾದ ಮೇಲೆ ಮೊರ ಮಡಿಲಲ್ಲಿಟ್ಟುಕೊಂಡು ಅವರ ಜಗಲಿಯಲ್ಲಿ ಕೂತರೆ ಅವರು ಓದಿ ಹೇಳಲು ಸುರು ಮಾಡುತ್ತಿದ್ದರು. ಶಾಂಗ್ ಅಂತ ಒಂದು ಅರಸು ಮನೆತನವಂತೆ. ಅವರ ಮೂಲದ ಅಜ್ಜಿ ಕಪ್ಪು ಹಕ್ಕಿಯೊಂದರ ಮೊಟ್ಟೆ ನುಂಗಿ ಬಸುರಾದಳಂತೆ.

"ಮೊಟ್ಟೆ ಬೇಯಿಸಿದ್ದಾ, ಹಸಿಯಾ ಮಾಸ್ಟ್ರೇ?"

"ಅದನ್ನು ಬರೆಯಲಿಲ್ಲ ಮಾರಾಯ್ತಿ. ಬರೆದವನಿಗೆ ಸಂಬಳ ಕೊಟ್ಟದ್ದೇ ಅಂಥದ್ದೆಲ್ಲ ಕೇಳಬಾರದು ಅಂತ!"

ದಕ್ಷಿಣದ ಮೂಲೆಯ ಅರಸರ ಕತೆ ಬಂದರಂತೂ ಎದ್ದೇ ನಿಲ್ಲುತ್ತಿದ್ದರು. ಮೈಗೆ ಹಚ್ಚೆ ಹಾಕಿಸಿಕೊಂಡು, ತಲೆಗೂದಲು ಕತ್ತರಿಸಿಕೊಂಡು ತಮ್ಮ ಪಾಡಿಗೆ ಇದ್ದ ಜನ. ಸೈನ್ಯ ಗಟ್ಟಿಯಾದದ್ದೇ, ನಮ್ಮ ಅಜ್ಜ ಉತ್ತರದ ದೊಡ್ಡ ಅರಸನ ಅಣ್ಣ ಅಂತ ಹೇಳತೊಡಗಿದರಂತೆ. "ಉತ್ತರದವರೂ ಹೌದಪ್ಪ ಹೌದು ಅಂದರು. ಸೈನ್ಯ ಇದ್ದವನಿಗೆ ಯಾರು ಬೇಡ ಅಂತಾರೆ?"

ನಾನು ನಗುತ್ತಿದ್ದೆ. ಆದರೆ ಅಜ್ಜ ಅಜ್ಜಿಯ ವಿಚಾರ ನನಗೆ ಪೂರಾ ನಗೆಯಲ್ಲ. ನಮ್ಮ ಕಡೆ ಬರಿ ಅಂತ ಉಂಟು, ಕುಲದ ಬೇರು. ತಾಯಿಯಿಂದ ಮಕ್ಕಳಿಗೆ ಬರುವಂಥದ್ದು, ತಂದೆಯದ್ದು ಅಲ್ಲಿ ಬರುವುದಿಲ್ಲ. ಒಂದೇ ಬರಿಯವರು ಅಣ್ಣ ತಂಗಿ ಇದ್ದ ಹಾಗೆ, ಮದುವೆ ಕೂಡದು. ಹಾಗಾಗಿ ಹೆಣ್ಣು ನೋಡಲು ಬಂದವರು ಬೆಲ್ಲ ನೀರಿನ ಗ್ಲಾಸು ಕೆಳಗಿಡುವ ಮೊದಲೇ ಅದನ್ನು ಕೇಳುತ್ತಾರೆ. ನನಗೆ ಬರಿ ಇರಲಿಲ್ಲ. ಧರ್ಮಸ್ಥಳದ ಸ್ನಾನಘಟ್ಟದಲ್ಲಿ ಅಳುತ್ತಾ ಕೂತಿದ್ದ ಮಗುವನ್ನು ಬೆಳುವಾಯಿಯ ಹೆಂಗಸೊಬ್ಬಳು ಎತ್ತಿಕೊಂಡು ಬಂದು ಸಾಕಿದಳು. ಆ ಮಗು ನಾನು. ತನ್ನ ಬರಿಯನ್ನೇ ಕೊಡುತ್ತೇನೆ ಅಂತ ಅವಳು ಹೇಳಿದರೆ ಅವಳ ಅಣ್ಣಂದಿರು ಬಿಡಲಿಲ್ಲ. ನನ್ನ ಗಂಡ ಲಾರಿ ಡ್ರೈವರ್, ಇದನ್ನೆಲ್ಲ ಕೇಳಿದವನಲ್ಲ, ಬೇಗ ಹೋಗಿಬಿಟ್ಟ. ನನಗಿಲ್ಲದ್ದು ನನ್ನ ಮಗಳು ಅಶ್ವಿನಿಗೂ ಇಲ್ಲ. ಅವಳಿಗೆ ಬಂದ ಸಂಬಂಧಗಳೆಲ್ಲ ಆ ಒಂದು ಪ್ರಶ್ನೆಗೆ ಬಂದು ನಿಂತು, ತಿರುಗಿ ಹೋದವು.

ಅದೇ ಸಮಯದಲ್ಲಿ ಒಂದು ಮಧ್ಯಾಹ್ನ ಝೌ ಅರಸರ ಸರದಿ ಬಂತು. ಅವರ ಮೂಲದ ಅಜ್ಜಿ ಯಾರದೋ ದೊಡ್ಡ ಹೆಜ್ಜೆಗುರುತಿನ ಮೇಲೆ ಕಾಲಿಟ್ಟು ಬಸುರಾದಳು. ಹುಟ್ಟಿದ ಮಗುವನ್ನು ಅಪಶಕುನ ಅಂತ ಓಣಿಯಲ್ಲಿ ಬಿಸಾಡಿದರು. ದನಗಳು ತುಳಿಯದೆ ಬದಿಗೆ ಸರಿದು ಹೋದವು. ಮಂಜುಗಡ್ಡೆಯ ಮೇಲೆ ಇಟ್ಟರು. ಹಕ್ಕಿಗಳು ಬಂದು ರೆಕ್ಕೆ ಮುಚ್ಚಿದವು. ಆ ಮಗುವೇ ದೊಡ್ಡದಾಗಿ ಜನರಿಗೆ ಬೇಸಾಯ ಕಲಿಸಿತಂತೆ. ಮಾಸ್ಟ್ರು ಎಂದಿನ ಹಾಗೆ ಬೈಯಲು ಬಾಯಿ ತೆರೆದರು.

"ಉಳಿದದ್ದು ಸುಳ್ಳಿರಬಹುದು ಮಾಸ್ಟ್ರೇ, ಬಿಸಾಡಿದ್ದು ನಿಜವೇ ಇರಬೇಕು," ಅಂದೆ ನಾನು.

ಅವರು ನನ್ನ ಮುಖ ನೋಡಿದರು. ಪುಸ್ತಕ ಮುಚ್ಚಿ, "ಒಂದು ಚಾ ಮಾಡು ಸುಂದರಿ," ಅಂದರು. ಝೌ ಅರಸರನ್ನು ಆಮೇಲೆ ಅವರು ಬೈದದ್ದು ನಾನು ಕೇಳಲಿಲ್ಲ.

ಮರು ತಿಂಗಳು ಕನ್ಯಾನದಿಂದ ಸಂಬಂಧ ಬಂತು. ಹುಡುಗ ವಯರಿಂಗ್ ಕೆಲಸದವನು, ಒಳ್ಳೆಯ ಮುಖ. ಅಶ್ವಿನಿಗೆ ಮನಸ್ಸಿತ್ತು. ಹುಡುಗನ ಮಾವ ಬೆಲ್ಲದ ತುಂಡು ಬಾಯಿಗೆ ಹಾಕಿ, "ಬರಿ ಯಾವುದು?" ಅಂತ ಕೇಳಿಯೇಬಿಟ್ಟರು. ಅಶ್ವಿನಿ ಬಾಗಿಲ ಹಿಂದೆ ಸರಿದಳು.

ಮೂಲೆಯ ಕುರ್ಚಿಯಿಂದ ಮಾಸ್ಟ್ರು ತಮ್ಮ ಬರಿಯ ಹೆಸರು ಹೇಳಿದರು. "ಇವಳು ನನ್ನ ತಂಗಿ," ಅಂತಲೂ ಹೇಳಿದರು, ಪಾಠ ಮಾಡುವ ಸ್ವರದಲ್ಲಿ. ಆ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಯಾರಾದರೂ ಅವರ ಕುಟುಂಬದ ಮೂಲಮನೆಯಾದ ಗುತ್ತಿನ ಮನೆ ಹುಡುಕಿಕೊಂಡು ಹೋದಾರು. ಕನ್ಯಾನದ ಮಾವ ಅವರನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಹಾಗಾದರೆ ಅಡ್ಡಿ ಇಲ್ಲ," ಅಂದರು.

ಅವರು ಹೋದ ಮೇಲೆ ಅಳು, ನಗೆ ಒಟ್ಟಿಗೇ ಬಂತು ನನಗೆ. "ಮಾಸ್ಟ್ರೇ, ಕಡೆಗೆ ನೀವೂ ಚೀನದ ಅರಸರ ಪಾರ್ಟಿ ಸೇರಿದಿರಾ?"

"ಅವರು ತಮಗಿಂತ ಮೇಲಿನವನನ್ನು ಎಳೆದುಕೊಂಡರು ಮಾರಾಯ್ತಿ. ನಾನು ಎಳೆದುಕೊಂಡದ್ದು ನಿನ್ನನ್ನು. ಇದರಲ್ಲಿ ನನಗೆಂಥ ಲಾಭ, ಹೇಳು?"

ಲಾಭ ಇರಲಿಲ್ಲ. ಮದುವೆ ಮುಗಿದು ವಾರದೊಳಗೆ ಅವರ ತಂಗಿಯ ಮಗ ಸಂಜೀವ ಬೆಳ್ತಂಗಡಿ ಕಡೆಯ ಗುತ್ತಿನ ಮನೆಯಿಂದ ಬಂದ. ಜಗಲಿ ಹತ್ತಲಿಲ್ಲ. "ಮಾವ, ನಿಮಗೆ ಮನಸ್ಸಿದ್ದರೆ ಈ ಮನೆ ಕೊಡಿ ಅವಳಿಗೆ, ಜಾಗ ಕೊಡಿ. ಬರಿ ಕೊಡಲಿಕ್ಕೆ ಅದು ನಿಮ್ಮದಲ್ಲ. ನನ್ನ ಅಮ್ಮನದ್ದು."

"ನಿನ್ನ ಅಮ್ಮನಿಗೆ ಹೆಣ್ಣು ಮಕ್ಕಳಿಲ್ಲ ಸಂಜೀವ. ನಿನ್ನ ತಲೆಗೆ ಅದು ಮುಗಿಯಿತು."

"ಮುಗಿಯಲಿ," ಅಂತ ಹೇಳಿ ಕಾರು ತಿರುಗಿಸಿದ.

ಆ ವರ್ಷ ಗುತ್ತಿನ ಹೊಸಕ್ಕಿ ಊಟಕ್ಕೆ ಅವರನ್ನು ಕರೆಯಲಿಲ್ಲ. ಕುಟುಂಬದವರೆಲ್ಲ ಒಂದೇ ಸಾಲಿನಲ್ಲಿ ಕೂತು ಹೊಸ ಅಕ್ಕಿಯ ಅನ್ನ ಉಣ್ಣುವ ದಿನ ಅದು. ಮಾಸ್ಟ್ರು ಬೆಳಿಗ್ಗೆ ಮಿಂದು ಇಸ್ತ್ರಿ ಮಾಡಿದ ಪಂಚೆ ಉಟ್ಟು ಜಗಲಿಯಲ್ಲಿ ಕೂತರು. ಕೈಯಲ್ಲಿ ಪುಸ್ತಕ ಇರಲಿಲ್ಲ. ಹೊತ್ತು ನೆತ್ತಿ ದಾಟಿದ ಮೇಲೆ ನನ್ನ ಬಾಗಿಲಿಗೆ ಬಂದು, "ಸುಂದರಿ, ಗಂಜಿ ಉಂಟಾ?" ಅಂತ ಕೇಳಿದರು. ಹಳೆಯ ಅಕ್ಕಿಯ ಗಂಜಿ, ಮಾವಿನ ಉಪ್ಪಿನಕಾಯಿ. ಮೊದಲ ತುತ್ತಿಗೆ ಮುಂಚೆ ಕೈ ಮುಗಿದರು. ನಾನು ಅಡಿಗೆಕೋಣೆಗೆ ಹೋಗಿ ಬೇಕಿಲ್ಲದ ಪಾತ್ರೆ ತೊಳೆದೆ.

ಆಮೇಲೆ ಅವರು ಬೇಗ ಬೇಗ ಸೊರಗಿದರು. ಕಡೆಯ ಸಲ ಮಾತಾಡಿದ್ದು ಮೂಡುಬಿದಿರೆಯ ಆಸ್ಪತ್ರೆಯಲ್ಲಿ. ಅಶ್ವಿನಿಗೆ ತಿಂಗಳು ನಿಂತದ್ದನ್ನು ಹೇಳಿದೆ. ಮುಖ ಅರಳಿತು.

"ಹೆಣ್ಣಾದರೆ ಗುತ್ತಿಗೆ ಫೋನ್ ಮಾಡಿ ಹೇಳು."

"ಅವರು ಕೇಳಬೇಕಲ್ಲ?"

"ಕೇಳಲಿ, ಬಿಡಲಿ. ಹೇಳುವುದು ಕ್ರಮ."

"ಹೆಣ್ಣೇ ಅಂತ ಏನು ಗ್ಯಾರಂಟಿ ಮಾಸ್ಟ್ರೇ?"

"ಚೀನದ ಅರಸರಾಗಿದ್ದರೆ ಈಗಲೇ ಬರೆಸಿ ಇಡುತ್ತಿದ್ದರು," ಅಂದರು. ನಗಲು ಹೋಗಿ ಕೆಮ್ಮು ಬಂತು. ಬೆನ್ನು ನೀವಿದೆ. ಬೆನ್ನಲ್ಲಿ ಎಲುಬು ಮಾತ್ರ ಇತ್ತು.

ಅವರು ತೀರಿಹೋದಾಗ ಗುತ್ತಿನವರು ಬಂದು ಕೊಂಡುಹೋದರು. ನನ್ನನ್ನು ಯಾರೂ ಕರೆಯಲಿಲ್ಲ. ಬರಿಯಲ್ಲಿ ಸಾವಾದರೆ ಸೂತಕ, ಹುಟ್ಟಾದರೆ ಅಮೆ. ಎರಡರಲ್ಲೂ ಆ ಬರಿಯವರು ದೇವರ, ದೈವದ ಕೆಲಸ ಮುಟ್ಟುವಂತಿಲ್ಲ. ನಾನು ದೀಪ ಹಚ್ಚದೆ ಒಬ್ಬಳೇ ಸೂತಕ ಹಿಡಿದೆ. ಅಶ್ವಿನಿಯ ಅತ್ತೆ ಸೀಮಂತದ ದಿನ ಕೇಳಿದಾಗ, "ಈಗ ಬೇಡ, ನನ್ನ ಅಣ್ಣ ಹೋದರು," ಅಂದೆ.

ಈಗ ಮಗು ಹುಟ್ಟಿದೆ. ಹೆಣ್ಣು! ಮುಷ್ಟಿ ಬಿಗಿ ಹಿಡಿದು, ತಲೆ ತುಂಬ ಕೂದಲು, ಆಸ್ಪತ್ರೆಯ ಆಚೆ ಕೋಣೆಗೂ ಕೇಳುವ ಸ್ವರ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಎದುರಾದವರಿಗೆಲ್ಲ ಲಡ್ಡು ಕೊಟ್ಟೆ. ಮನೆಗೆ ಬಂದು ಧೈರ್ಯ ಮಾಡಿ ಗುತ್ತಿಗೆ ಫೋನ್ ಮಾಡಿದೆ. ಸಂಜೀವನೇ ಎತ್ತಿದ.

"ನಾನು ಬೆಳುವಾಯಿಯ ಸುಂದರಿ. ಅಶ್ವಿನಿಗೆ ಹೆಣ್ಣು ಮಗು."

ಕಟ್ ಮಾಡುತ್ತಾನೆ ಅಂದುಕೊಂಡೆ.

"ಯಾವಾಗ?" ಅಂದ.

"ಇವತ್ತು ಬೆಳಿಗ್ಗೆ."

ಫೋನ್ ಬದಿಗೆ ಹಿಡಿದು ಮನೆಯೊಳಗೆ ಯಾರಿಗೋ ಹೇಳುವುದು ಕೇಳಿಸಿತು: "ನಾಳೆ ದೈವಕ್ಕೆ ತಂಬಿಲ ಇಡ್ಲಿಕ್ಕಿಲ್ಲ, ಮುಂದಕ್ಕೆ ಹಾಕುವ. ನಮಗೆ ಅಮೆ."

ಫೋನ್ ಎಲ್ಲಿಟ್ಟೆನೋ ಗೊತ್ತಿಲ್ಲ. ಚಪ್ಪಲಿಯೂ ಹಾಕದೆ ಪಕ್ಕದ ಮನೆಗೆ ಓಡಿದೆ. ಜಗಲಿ ಹತ್ತಿ "ಮಾಸ್ಟ್ರೇ" ಅಂತ ಕರೆದೂಬಿಟ್ಟೆ. ಬಾಡಿಗೆಗೆ ಬಂದ ಹುಡುಗಿ ಕೈಯೊರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಎಂಥದು ಅಜ್ಜಿ?"

"ಹೆಣ್ಣು ಮಗು," ಅಂದೆ. ಅವಳಿಗೇ ಹೇಳಿದೆ.