ರೊಟ್ಟಿಯೆಲ್ಲ ನೀಲಿ ಟೋಪಿಯವರ ಕಡೆ

ಎರಡು ವರ್ಷದ ಹಿಂದಿನ ಮಾತು, ಆಗ ನನಗೆ ಅರವತ್ತೊಂದು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕುದಿಸಿದ ಭತ್ತವನ್ನು ಅಂಗಳದಲ್ಲಿ ಹರವಿ, ಕಾಲಿನಿಂದ ತಿರುವಿ ಒಣಗಿಸುವುದು ನಮ್ಮ ಎಂಟು ಹೆಂಗಸರ ಕೆಲಸ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕುರುಗೋಡಿನಿಂದ ಬರುತ್ತಿದ್ದ ನಾಲ್ವರು ರೊಟ್ಟಿ ಮಾತ್ರ ತರುತ್ತಿದ್ದರು. ಪಲ್ಯ, ಚಟ್ನಿ ಊರಿನವರಾದ ನಮ್ಮದು, ಕೂಡಿ ಉಣ್ಣುತ್ತಿದ್ದೆವು. ಬಸ್ಸಿನಲ್ಲಿ ಪಲ್ಯ ಚೆಲ್ಲುತ್ತದೆ, ಅದಕ್ಕೆ.

ಒಂದು ದಿನ ಬಳ್ಳಾರಿಯಿಂದ ಮಾಲೀಕರ ಅಳಿಯ ಬಂದ. ಕುರುಗೋಡಿನವರಿಗೆ ನೀಲಿ ಟೋಪಿ ಹಾಕಿದ, ನಮಗೆ ಕೆಂಪು. ಅಂಗಳದ ನಡುವೆ ಹಗ್ಗ ಎಳೆದ.

"ಯಾರ ಭತ್ತ ಮೊದಲು ಒಣಗತೈತಿ, ಆ ಟೀಮಿನ ಲೀಡರಿಗೆ ಕುಕ್ಕರ್. ಊಟನೂ ನಿಮ್ಮ ನಿಮ್ಮ ಟೀಮಿನಾಗ ಮಾಡ್ರಿ" ಅಂದು ಒಳಗೆ ಹೋಗಿ ಫ್ಯಾನಿನ ಕೆಳಗೆ ಮಲಗಿದ.

ಕೆಂಪಿಗೆ ನಾನೇ ಲೀಡರು. ನನಗೆ ದವಡೆ ಹಲ್ಲಿಲ್ಲ. ಗಡಿಗೆಯಲ್ಲಿ ಬೇಳೆ ಮೆತ್ತಗಾಗುವಷ್ಟರಲ್ಲಿ ಹಸಿವೇ ಸತ್ತಿರುತ್ತದೆ. ಆ ಕುಕ್ಕರ್ ನನಗೆ ಬೇಕೇ ಬೇಕಿತ್ತು.

ಮಧ್ಯಾಹ್ನ ಗಂಟು ಬಿಚ್ಚಿದರೆ ನಮ್ಮಲ್ಲಿ ಪುಂಡಿಪಲ್ಯ, ಶೇಂಗಾ ಚಟ್ನಿ, ಮತ್ತೆ ಶೇಂಗಾ ಚಟ್ನಿ. ಹಗ್ಗದ ಆಚೆ ಒಣ ರೊಟ್ಟಿ.

"ಯಕ್ಕಾ, ಪಲ್ಯ ಕೊಡ್ರಿ, ರೊಟ್ಟಿ ಕೊಡ್ತೀವಿ" ಅಂದಳು ನೀಲಿಯ ಲೀಡರು.

"ಗೆದ್ದ ಮ್ಯಾಲ ಕೊಡ್ತೀನಿ. ಅಲ್ಲೀತನಾ ನೀರು ಕುಡೀರಿ."

ನನ್ನ ಟೀಮಿನ ಸಣ್ಣವಳು ಎದ್ದು ನಿಂತಳು. "ಕುಕ್ಕರ್ ನಿನಗ, ಹಸಿವು ನಮಗೇನಬೇ?"

"ಬರ್ರೆವಾ, ಬರ್ರಿ" ಎಂದು ಆಚೆಯಿಂದ ಕರೆದರು. "ಆದ್ರ ನಮ್ಮ ರೊಟ್ಟಿ ತಿಂದ ಕಾಲು ನಮ್ಮ ಭತ್ತಾನ ತಿರುವಬೇಕು!"

ಮೂವರೂ ಚಟ್ನಿ ಎತ್ತಿಕೊಂಡು ಹಗ್ಗ ದಾಟಿದರು. ಅರ್ಧ ಅಂಗಳಕ್ಕೆ ಉಳಿದದ್ದು ನನ್ನ ಎರಡು ಕಾಲು. ಸ್ವಲ್ಪ ಹೊತ್ತು ತಿರುವಿದೆ. ಬರೀ ಪಲ್ಯ ಎಷ್ಟು ತಿನ್ನಲಿ? ಪಾತ್ರೆ ಹಿಡಿದು ನಾನೂ ದಾಟಿದೆ.

"ಬಾರಬೇ ಲೀಡರಮ್ಮ!" ಎಂದು ಎಲ್ಲರೂ ನಕ್ಕರು. ಎರಡು ರೊಟ್ಟಿ ಪಲ್ಯದಲ್ಲಿ ನೆನೆಸಿ ತಿಂದೆ, ಅವರ ಭತ್ತ ತಿರುವಿದೆ.

ಸಂಜೆ ಅಳಿಯ ಎದ್ದು ಬಂದು ನೀಲಿಯವರ ಕಾಳು ಕಡಿದು ನೋಡಿದ. "ಟೀಮ್ ಅಂದ್ರ ಹಿಂಗಿರಬೇಕು!" ಅಂದ. ಎಂಟೂ ಜನ ಚಪ್ಪಾಳೆ ತಟ್ಟಿದೆವು. ನಮ್ಮ ಅರ್ಧದ ಭತ್ತ ಹಸಿಯಾಗೇ ಬಿದ್ದಿತ್ತು. ಕುಕ್ಕರ್ ಕುರುಗೋಡಿಗೆ ಹೋಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ, ನೆನೆಸಿದ ತೊಗರಿಬೇಳೆ ಹಿಡಿದು ನಾನೂ ಕುರುಗೋಡಿಗೆ ಹೋದೆ. ನೀಲಿಯ ಲೀಡರಿನ ಒಲೆಯ ಮೇಲೆ ಬೇಯಿಸಿಕೊಂಡು, ಚೆಲ್ಲಬಾರದೆಂದು ಮುಚ್ಚಳ ಬಿಗಿದ ಕುಕ್ಕರನ್ನೇ ತೊಡೆಯ ಮೇಲಿಟ್ಟುಕೊಂಡು, ಅವರದೇ ಬಸ್ಸಿನಲ್ಲಿ ಕೆಲಸಕ್ಕೆ ಬಂದೆ.