ಮೊದಲ ದನಿ ಕೇಳ್ರಿ

ಶಹಾಬಾದದ ನಮ್ಮ ಯಾರ್ಡಿನಲ್ಲಿ ಕಲ್ಲು ಪಾಲಿಶ್ ಮಾಡುತ್ತಿದ್ದ ಚಾಚಾ ಒಂದು ಕಾಲಕ್ಕೆ ವಾಡಿಯ ರಾಕ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದವರು. ಗಿರಾಕಿ ಬಂದರೆ ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಬೆರಳಿನ ಗೆಣ್ಣಿನಿಂದ ಬಡಿದು, “ಮೊದಲ ದನಿ ಕೇಳ್ರಿ” ಅನ್ನುವರು. ಖಣ್ ಎಂದರೆ ಕಲ್ಲು ಗಟ್ಟಿ. ದನಿ ಮಂಕಾಗಿದ್ದರೆ ಒಳಗೆ ಸೀಳಿದೆ ಎಂದರ್ಥ. ಅಂಥ ಕಲ್ಲು ಗೋಡೆ ಪಕ್ಕದ ರಾಶಿಗೆ ಹೋಗುತ್ತಿತ್ತು.

ಕಳೆದ ವರ್ಷ ನಮ್ಮ ಓಣಿಯ ಮದುವೆಗೆ ಅವರನ್ನು ಗಿಟಾರ್ ಸಮೇತ ಕರೆಸಿದ್ದರು. ಅವರು ಗಿಟಾರಿಗೆ ವೈರ್ ಹಚ್ಚಲು ಹೋದಾಗ ಡಿಜೆಯವನು ತಡೆದ.

“ವೈರ್ ಬ್ಯಾಡ್ರಿ ಚಾಚಾ. ಹಾಡು ನಾ ಹಾಕ್ತೀನಿ. ನೀವು ವಿಡಿಯೋಕ್ಕ ಹಿಡ್ಕೊಂಡು ನಿಲ್ರಿ, ಸಾಕು.”

ಹಾಡು ಮುಗಿಯುವ ತನಕ ನಿಂತರು. ತಂತಿ ಮುಟ್ಟಲಿಲ್ಲ.

ಮರುದಿನ ಗಿಟಾರನ್ನು ಯಾರ್ಡಿಗೆ ತಂದರು. ಒಂದು ತಂತಿ ಮೀಟಿ, ಕಿವಿಗೊಟ್ಟು ಕೇಳಿದರು.

“ದನಿ ಇನ್ನೂ ಭಾಳ ಛಲೋ ಅದರಿ.”

ಆಮೇಲೆ ಅದನ್ನೊಯ್ದು ಸೀಳು ಕಲ್ಲಿನ ರಾಶಿಯ ಮೇಲಿಟ್ಟರು.